ಮಾತು ಮುಗಿದ ಮೇಲಿನ ಕೂಗು

ಬೀದರಿನ ಚಿದ್ರಿಯಲ್ಲಿ ಹಿಟ್ಟಿನ ಗಿರಣಿಯ ಮೇಲೊಂದು ಸಾಫ್ಟ್‌ವೇರ್ ಆಫೀಸಿದೆ ಎಂದರೆ ಹೊರಗಿನವರು ನಗುತ್ತಾರೆ. ನಗಲಿ ಬಿಡಿ. ಕೆಳಗೆ ಜೋಳ ಬೀಸುತ್ತದೆ, ಮೇಲೆ ಎರಡು ಕೋಣೆಗಳಲ್ಲಿ ನಾಲ್ಕು ಜನ ಕಂಪ್ಯೂಟರಿನ ಮುಂದೆ ಕೂತಿರುತ್ತಾರೆ, ಗಿರಣಿ ಜೋರಾದಾಗ ಮೇಜಿನ ಮೇಲಿನ ಚಹಾದ ಗ್ಲಾಸು ತಾನಾಗಿ ಅಂಚಿನ ಕಡೆ ಸರಿಯುತ್ತದೆ. ಆ ನಾಲ್ವರಲ್ಲಿ ವಿಶಾಖಾ ಒಬ್ಬಳು. ಮೈಲೂರಿನ ಹುಡುಗಿ, ಬೀದರಿನಲ್ಲೇ ಓದಿ ಬೀದರಿನಲ್ಲೇ ಕೆಲಸ ಹಿಡಿದವಳು. ಒಂದು ಕೆಲಸವನ್ನು ಎರಡನೇ ಸಲ ಕೈಯಿಂದ ಮಾಡಬೇಕೆಂದರೆ ಅವಳಿಗೆ ಮೈ ಉರಿಯುತ್ತಿತ್ತು. “ಇಕಿ ಹಲ್ಲು ತಿಕ್ಕಲಿಕ್ಕೂ ಒಂದ್ ಮಷೀನ್ ಮಾಡ್ತಾಳ ನೋಡ್ರಿ” ಎಂದು ತಾಯಿ ಕೌಸಲ್ಯಾಬಾಯಿ ಬಂದವರೆದುರು ಆಡಿಕೊಳ್ಳುತ್ತಿದ್ದರು.

ಆ ಆಫೀಸು ಕುರಿ ಕಾಯುವವರಿಗಾಗಿ ‘ಹಟ್ಟಿ ಮಾತು’ ಎಂಬ ಆ್ಯಪ್ ನಡೆಸುತ್ತಿತ್ತು. ಭಾಲ್ಕಿ, ಔರಾದ ತಾಲೂಕುಗಳ ಸಾವಿರದಿನ್ನೂರು ಕುರಿಗಾರರ ಮೊಬೈಲಿಗೆ ದಿನಾ ಬೆಳಿಗ್ಗೆ ಎರಡು ನಿಮಿಷದ ಮಾತು ಬಂದು ಕೂರುತ್ತಿತ್ತು. ಎಲ್ಲಿ ಮೇವಿದೆ, ಯಾವ ಹಳ್ಳದಲ್ಲಿ ನೀರು ನಿಂತಿದೆ, ಗೊಬ್ಬರಕ್ಕಾಗಿ ಯಾರು ತಮ್ಮ ಹೊಲದಲ್ಲಿ ಕುರಿ ನಿಲ್ಲಿಸಲು ಕರೆಯುತ್ತಿದ್ದಾರೆ, ಯಾವ ಊರಿನ ಹಿಂಡಿಗೆ ಬೇನೆ ಬಿದ್ದಿದೆ, ಇಂಥವು. ಓದಲು ಬಾರದವರಿಗೆ ಅಕ್ಷರ ಕಳಿಸಿ ಏನುಪಯೋಗ, ಅದಕ್ಕೇ ದನಿ. ಆ ದನಿ ಭಾತಂಬ್ರಾದ ಧೊಂಡಿಬಾ ಅವರದು. ಐವತ್ತೈದರ ಆಸುಪಾಸಿನ ಮನುಷ್ಯ. ಎಂಬತ್ತು ಕುರಿ, ಮೂರೆಕರೆ ಒಣಭೂಮಿ, ಅದರ ಮೇಲೆ ಕಂಚಿನ ಕಂಠ. ಅವರು ಮೇವಿನ ಸುದ್ದಿ ಹೇಳಿದರೆ ಎದುರಿಗೆ ಹುಲ್ಲು ಬೆಳೆದು ನಿಂತಂತೆ ಕೇಳಿಸುತ್ತಿತ್ತು.

ಮೊದಲು ಧೊಂಡಿಬಾ ಪ್ರತಿ ಮಂಗಳವಾರ ಬಸ್ಸು ಹತ್ತಿ ಬೀದರಿಗೆ ಬರುತ್ತಿದ್ದರು. ಒಳಕೋಣೆಯಲ್ಲಿ ಕೂತು ವಾರದ ಏಳೂ ಮಾತನ್ನು ಒಂದೇ ಸಲಕ್ಕೆ ಹೇಳಿ ಹೋಗುತ್ತಿದ್ದರು. ಮುಂದಿನ ಸೋಮವಾರ ಎಲ್ಲಿ ಮೇವು ಉಳಿದಿರುತ್ತದೆಂದು ಈ ಮಂಗಳವಾರವೇ ಯಾರಿಗೆ ಗೊತ್ತು? ಮಾತು ಊರು ತಲುಪುವ ಹೊತ್ತಿಗೆ ಹಳಸಿರುತ್ತಿತ್ತು. ಅದನ್ನು ಆ್ಯಪ್‌ಗೆ ಸೇರಿಸುವ ಕೆಲಸ ಪಂಢರಿ ಎಂಬ ಹಿರಿಯರದು. ಗೋಡೆಗೆ ಇಪ್ಪತ್ತಮೂರು ಸಾಲಿನ ಚೀಟಿ ಅಂಟಿಸಿಕೊಂಡು, ಒಂದೊಂದೇ ಸಾಲಿಗೆ ಬೆರಳಿಟ್ಟು, ಈ ಫೈಲು ಅಲ್ಲಿಗೆ, ಆ ಫೈಲು ಇಲ್ಲಿಗೆ, ಭಾಲ್ಕಿಗೊಂದು ಗಂಟು, ಔರಾದಕ್ಕೊಂದು ಗಂಟು ಎಂದು ದಿನಾ ಎರಡೂವರೆ ತಾಸು ಕೂರುತ್ತಿದ್ದರು. ಅವರಿಗೆ ಬೇರೆ ಕಡೆ ನೌಕರಿ ಸಿಕ್ಕು ಹೋದಾಗ ಚೀಟಿ ವಿಶಾಖಾಳ ಪಾಲಿಗೆ ಬಂತು. ಮೂರು ದಿನ ತಡೆದುಕೊಂಡಳು. ನಾಲ್ಕನೇ ದಿನ ಚೀಟಿ ಕಿತ್ತು ಪಕ್ಕಕ್ಕಿಟ್ಟುಕೊಂಡು, ಆ ಇಪ್ಪತ್ತಮೂರು ಸಾಲನ್ನೂ ಕಂಪ್ಯೂಟರಿಗೇ ಬರೆದುಕೊಡಲು ಕೂತಳು.

ಚಿತ್ರವಿಲ್ಲದ, ಒತ್ತಲು ಒಂದು ಗುಂಡಿಯೂ ಇಲ್ಲದ ಕಪ್ಪು ಪರದೆ ಅದು. ಅಲ್ಲಿ ಒಂದು ಪದ ಟೈಪು ಮಾಡಿದರೆ ಸಾಕು, ಅದರ ಹಿಂದೆ ಬರೆದಿಟ್ಟ ಸಾಲುಗಳನ್ನೆಲ್ಲ ಕಂಪ್ಯೂಟರು ಒಂದಾದ ಮೇಲೊಂದು ತಾನೇ ಮಾಡಿ ಮುಗಿಸುತ್ತದೆ. ಆ ಸಾಲುಗಳಿಗೆ ಸ್ಕ್ರಿಪ್ಟ್ ಎನ್ನುತ್ತಾರೆ. ವಿಶಾಖಾ ಎಲ್ಲವನ್ನೂ ನಾಲ್ಕು ಕೆಲಸಗಳಾಗಿ ಒಡೆದಳು: ತರು, ತೊಳಿ, ಕಟ್ಟು, ಕಳಿಸು. ನಾಲ್ಕನ್ನೂ ಒಟ್ಟಿಗೆ ಓಡಿಸುವ ಪದಕ್ಕೆ ಕೆಳಗಿನ ಗಿರಣಿಯ ಮರ್ಯಾದೆಗೆಂದು ‘ಬೀಸು’ ಎಂದು ಹೆಸರಿಟ್ಟಳು. ಆಫೀಸಿನ ಯಜಮಾನ ಅಮೋಲ್ ಮೊದಲ ಸಲ ಅದು ಓಡಿದ್ದನ್ನು ನೋಡಿದಾಗ ಎರಡೂವರೆ ತಾಸಿನ ಕೆಲಸ ನಾಲ್ಕು ನಿಮಿಷಕ್ಕೆ ಮುಗಿದಿತ್ತು. ಅವನು ಎದ್ದು ಕೆಳಗೆ ಹೋಗಿ ಎಲ್ಲರಿಗೂ ಮಿರ್ಚಿ ಭಜಿ ಕಟ್ಟಿಸಿಕೊಂಡು ಬಂದ.

ಇನ್ನು ಧೊಂಡಿಬಾ ಬೀದರಿಗೆ ಬರಬೇಕಾಗಿರಲಿಲ್ಲ. ಅವರ ಮೊಬೈಲಿನಲ್ಲಿ ವಿಶಾಖಾ ಒಂದು ಕೆಂಪು ಗುಂಡಿ ಕೂರಿಸಿಕೊಟ್ಟಳು. ಸಂಜೆ ಹಿಂಡು ಹೊಡೆದುಕೊಂಡು ಮರಳುವಾಗ ಗುಂಡಿ ಒತ್ತಿ ಅಂದಂದಿನ ಸುದ್ದಿ ಹೇಳುವುದು, ಮತ್ತೆ ಒತ್ತಿ ನಿಲ್ಲಿಸುವುದು. ಮುಂದಿನದೆಲ್ಲ ‘ಬೀಸು’ ನೋಡಿಕೊಳ್ಳುತ್ತಿತ್ತು. ‘ತರು’ ಮಾತನ್ನು ಎಳೆದು ತರುತ್ತಿತ್ತು, ‘ಕಟ್ಟು’ ಎರಡು ತಾಲೂಕಿಗೆ ಎರಡು ಗಂಟು ಮಾಡುತ್ತಿತ್ತು, ‘ಕಳಿಸು’ ಮುಟ್ಟಿಸುತ್ತಿತ್ತು. ನಡುವಿನ ‘ತೊಳಿ’ ಎಂದರೆ ವಿಶಾಖಾಳಿಗೆ ಎಲ್ಲಕ್ಕಿಂತ ಹೆಮ್ಮೆ. ಬಯಲಲ್ಲಿ ಹೇಳಿದ ಮಾತಿನಲ್ಲಿ ಏನುಂಟು ಏನಿಲ್ಲ! ಗಾಳಿ, ಗಂಟೆ, ಮರಿಗಳ ಅರಚಾಟ, ಹೋಗುವ ಟ್ರ್ಯಾಕ್ಟರು, ಹೇಳುವವರ ಕೆಮ್ಮು. ‘ತೊಳಿ’ ಅದರಲ್ಲಿ ಮಾತು ಎಲ್ಲೆಲ್ಲಿದೆ ಎಂದು ಹುಡುಕಿ, ಮಾತಲ್ಲದ್ದನ್ನೆಲ್ಲ ಕತ್ತರಿಸಿ ಒಗೆಯುತ್ತಿತ್ತು. ಹತ್ತು ದಿನದ ಮಾತಿನ ಮೇಲೆ ಪರೀಕ್ಷೆ ಮಾಡಿದಳು. ಹತ್ತೂ ಹೊಳೆಯುವಷ್ಟು ಸ್ವಚ್ಛವಾಗಿ ಬಂದವು.

ಎರಡನೇ ತಿಂಗಳಲ್ಲಿ ಒಂದು ಬೆಳಿಗ್ಗೆ ಕಂಪ್ಯೂಟರಿನಲ್ಲಿ ಜಾಗ ತುಂಬಿ ‘ಬೀಸು’ ನಡುವೆಯೇ ನಿಂತುಬಿಟ್ಟಿತು. ಅಂದಿನ ಮಾತಿನಲ್ಲಿ ಬೇನೆಯ ಸುದ್ದಿ ಇತ್ತು. ಅದು ತಲುಪದೆ ಔರಾದ ಕಡೆಯ ಒಬ್ಬರು ಹಿಂಡನ್ನು ನೇರ ಅದೇ ಊರಿಗೆ ಹೊಡೆದುಕೊಂಡು ಹೋಗಿ ಏಳು ಕುರಿ ಕಳೆದುಕೊಂಡರು. ವಿಶಾಖಾಳಿಗೆ ಎರಡು ದಿನ ಊಟ ಸೇರಲಿಲ್ಲ. ಇನ್ನೊಮ್ಮೆ ಹೀಗಾಗಬಾರದೆಂದು, ಅಲ್ಲಿಯವರೆಗೆ ಕೂಡಿದ್ದ ತೊಳೆಯದ ಮೂಲ ಮಾತುಗಳನ್ನೆಲ್ಲ ಅಳಿಸಿ, ‘ತೊಳಿ’ಯ ಕೊನೆಗೆ ಒಂದು ಸಾಲು ಸೇರಿಸಿದಳು: ತೊಳೆದ ಮೇಲೆ ಮೂಲವನ್ನು ಅಳಿಸು. ಧೊಂಡಿಬಾ ಅವರ ಮೊಬೈಲೂ ಅಗ್ಗದ್ದು, ಎರಡು ವಾರಕ್ಕೊಮ್ಮೆ ತುಂಬಿ ಸತಾಯಿಸುತ್ತಿತ್ತು. ಪಾಪ ಎನಿಸಿ, ಮಾತು ಆಫೀಸು ಮುಟ್ಟಿದ ಕೂಡಲೇ ಅಲ್ಲಿಂದಲೂ ಅಳಿಸಿಹೋಗುವಂತೆ ಮಾಡಿದಳು. ಒಳ್ಳೆಯ ಮನಸ್ಸಿನಿಂದಲೇ ಮಾಡಿದಳು. ಅದಾದ ಮೇಲೆ ‘ಬೀಸು’ ಒಂದು ದಿನವೂ ನಿಲ್ಲಲಿಲ್ಲ.

ಆರು ತಿಂಗಳಾದ ಮೇಲೆ ಆ ಪದ ಟೈಪು ಮಾಡುವುದೂ ಅವಳಿಗೆ ಬೇಸರವಾಯಿತು. ಬೆಳಿಗ್ಗೆ ಐದಕ್ಕೆ ಅದು ತನ್ನಷ್ಟಕ್ಕೆ ಓಡುವಂತೆ ಮಾಡಿಟ್ಟಳು. ಆಫೀಸಿಗೆ ಬಂದು ಕೂತಾಗ ಪರದೆಯ ಮೇಲೆ ನಾಲ್ಕು ಹಸಿರು ಗುರುತು ಕಂಡರೆ ಮುಗಿಯಿತು. ಮಾತನ್ನು ಕೇಳುವ ಗೋಜಿಗೆ ಹೋಗುತ್ತಿರಲಿಲ್ಲ. ಸಾವಿರದಿನ್ನೂರು ಜನ ಕೇಳುತ್ತಾರಲ್ಲ, ತಾನೊಬ್ಬಳು ಕೇಳಿ ಏನಾಗಬೇಕು?

ಧೊಂಡಿಬಾ ಅವರ ಗಂಟಲು ಕೆಡುತ್ತಿದ್ದದ್ದು ಹಾಗಾಗಿ ಅವಳಿಗೆ ತಿಳಿಯಲಿಲ್ಲ. ಕೇಳುವವರಿಗೂ ತಿಳಿಯಲಿಲ್ಲ. ತಡವರಿಸಿದ್ದನ್ನೂ ಕೆಮ್ಮಿದ್ದನ್ನೂ ‘ತೊಳಿ’ ದಿನಾ ತೆಗೆದುಹಾಕುತ್ತಿತ್ತು, ದನಿಯ ಒರಟನ್ನು ಅಷ್ಟಿಷ್ಟು ಉಜ್ಜಿ ನಯಮಾಡುತ್ತಿತ್ತು. ಕೊನೆಗೆ ಡಾಕ್ಟರರೇ ಹೇಳಿದರು. ಗಂಟಲಲ್ಲಿ ಗಡ್ಡೆ, ಹೈದರಾಬಾದಿಗೆ ಹೋಗಿ ಧ್ವನಿಪೆಟ್ಟಿಗೆ ತೆಗೆಸಲೇಬೇಕು, ಜೀವ ಉಳಿಯುತ್ತದೆ, ದನಿ ಉಳಿಯುವುದಿಲ್ಲ.

ಹೈದರಾಬಾದಿಗೆ ಹೊರಟ ದಿನ ಗಂಡ ಹೆಂಡತಿ ಇಬ್ಬರೂ ಬೀದರಿನಲ್ಲಿ ಬಸ್ಸು ಬದಲಿಸಬೇಕಿತ್ತು. ಇನ್ನೂ ಒಂದು ತಾಸು ಸಮಯವಿತ್ತು. ಆಟೋ ಮಾಡಿಕೊಂಡು ಆಫೀಸಿಗೆ ಬಂದರು. ಧೊಂಡಿಬಾ ಕುರ್ಚಿಯ ಅಂಚಿಗೆ ಕೂತು, ಹರಿದಿದ್ದರೂ ಇನ್ನೂ ದನಿಯೇ ಆಗಿದ್ದ ದನಿಯಲ್ಲಿ ಅಮೋಲನಿಗೆ ಹೊಸಬರ ಹೆಸರು ಸೂಚಿಸುತ್ತಿದ್ದರು. ಇದ್ದ ಕೆಲಸ ನಿಲ್ಲಬಾರದೆಂಬ ಚಿಂತೆ ಅವರಿಗೆ. ಹೆಂಡತಿ ಗಂಗುಬಾಯಿ ಬಾಗಿಲ ಹತ್ತಿರವೇ ನಿಂತಿದ್ದರು. ವಿಶಾಖಾ ಚಹಾ ಕೊಡಲು ಹೋದಾಗ ಅವಳ ಕೈ ಹಿಡಿದು ಮೆಲ್ಲಗೆ ಕೇಳಿದರು:

“ಬಾಯಿ, ಅವ್ರ ದನಿ ಎಲ್ಲಾ ನಿಮ್ ಹತ್ರ ಅದ ಅಲ್ರಿ?”

“ಅದ ಕಾಕು. ಒಂದ್ ದಿನದ್ದೂ ಹೋಗಿಲ್ಲ. ನಾನೂರು ದಿನದ ಮ್ಯಾಲಿಂದು ಅದ.”

“ಪೂರಾ ಅದ ಏನ್ರಿ? ಕಡೀ ತನಕ?”

“ಪೂರಾ ಅದ ಕಾಕು. ನೀವೇನ್ ಚಿಂತಿ ಮಾಡಬ್ಯಾಡ್ರಿ. ನಾ ಇದ್ದೀನಲ್ಲ.”

ಗಂಗುಬಾಯಿ ಇನ್ನೇನೋ ಹೇಳುವವರಿದ್ದರು. ಗಂಡನ ಕಡೆ ಒಮ್ಮೆ, ಅಮೋಲನ ಕಡೆ ಒಮ್ಮೆ ನೋಡಿ, ಸೆರಗನ್ನು ಬಾಯಿಗಿಟ್ಟುಕೊಂಡು ಸುಮ್ಮನಾದರು. ವಿಶಾಖಾ ಅಂದು ಎದ್ದು ಹೋಗಿ ಒಂದೇ ಒಂದು ಫೈಲು ತೆರೆದು ಕೇಳಿದ್ದರೆ! ಎರಡು ನಿಮಿಷದ ಕೆಲಸ. ಕಂಪ್ಯೂಟರು ಅಲ್ಲೇ ಇತ್ತು, ಮನುಷ್ಯ ಅಲ್ಲೇ ಇದ್ದರು, ದನಿ ಇನ್ನೂ ಅವರ ಗಂಟಲಲ್ಲೇ ಇತ್ತು. ಅವಳಿಗೆ ತನ್ನ ನಾಲ್ಕು ಹಸಿರು ಗುರುತಿನ ಮೇಲೆ ಎಂಥ ವಿಶ್ವಾಸವೆಂದರೆ, ಎದ್ದು ನೋಡಬೇಕೆಂದು ತಲೆಗೇ ಹೊಳೆಯಲಿಲ್ಲ.

ಐದು ವಾರ ಕಳೆದ ಮೇಲೆ ಗಂಗುಬಾಯಿ ಒಬ್ಬರೇ ಬಂದರು. ಕೈಯಲ್ಲಿ ಒಂದು ಗಂಟು ಹೆಸರುಕಾಳು. ಆಪರೇಷನ್ ಚಲೋ ಆಗಿದೆ, ಊರಿಗೆ ಮರಳಿ ಹತ್ತು ದಿನವಾಯಿತು, ಕುರಿ ಹಿಂದೆ ಹೋಗಲು ಶುರು ಮಾಡಿದ್ದಾರೆ ಎಂದರು. ಆಮೇಲೆ ಬಹಳ ಹೊತ್ತು ಕಿಟಕಿ ನೋಡುತ್ತ ಕೂತರು. ಅಮೋಲ್ ಎದ್ದು ಹೊರಗೆ ಹೋದ ಮೇಲೆಯೇ ಬಾಯಿ ಬಿಟ್ಟದ್ದು.

“ಬಾಯಿ, ನನಗ ಅವ್ರ ದನಿ ಈ ಮೊಬೈಲ್‌ದಾಗ ಹಾಕಿ ಕೊಡ್ರಿ.”

“ಯಾಕಿಲ್ಲ ಕಾಕು, ಈಗೇ ಕೊಡ್ತೇನಿ. ಯಾವ ದಿನದ ಮಾತು ಬೇಕ್ರಿ?”

“ಮಾತು ಬ್ಯಾಡ್ರಿ.” ಅವರ ಮುಖ ಕೆಂಪಾಯಿತು. ಐವತ್ತು ದಾಟಿದ ಹೆಂಗಸು ಹೊಸ ಮದುವಣಗಿತ್ತಿಯಂತೆ ನೆಲ ನೋಡಿದರು. “ಮಾತು ಮುಗದ ಮ್ಯಾಲ ಅವ್ರು ಒಂದ್ ಕೂಗು ಹಾಕ್ತಿದ್ರಲ್ರಿ, ಅದು.”

ವಿಶಾಖಾಳಿಗೆ ಅರ್ಥವಾಗಲಿಲ್ಲ. ಗಂಗುಬಾಯಿಯೇ ಬಿಡಿಸಿ ಹೇಳಿದರು.

“ನಮ್ಮಾಗ ಗಂಡ ಹೆಣ್ತಿ ಒಬ್ಬರ ಹೆಸರ ಒಬ್ರು ಹಿಡಿಯಂಗಿಲ್ರಿ. ಲಗ್ನ ಆಗಿ ಮೂವತ್ತೆರಡ್ ವರ್ಷ ಆತು, ಗಂಗೂ ಅಂತ ಅವ್ರು ಒಂದಿನ ಅಂದಿಲ್ಲ. ಸಂಜಿಕ ಕುರಿ ಹೊಡಕೊಂಡ್ ಬಂದು ಮನಿ ಎದುರಿನ ಹೊಲದ ಬಾಂದಿನ ಮ್ಯಾಲ ನಿಂತು ಒಂದ್ ಕೂಗು ಹಾಕ್ತಾರ. ಹೋ...ಯ್ ಅಂತ ಹೊಂಟು, ಕಡೀಕ ಮ್ಯಾಲ ಏರ್ತದ. ಕುರಿಗಿ ಕೂಗೋದು ಬ್ಯಾರೆ ಅದ ರೀ. ಇದು ನನಗ. ಅದು ಕೇಳಿಸ್ತಂದ್ರ ನಾ ರೊಟ್ಟಿ ಹಂಚು ಒಲಿ ಮ್ಯಾಲ ಇಡ್ತೀನಿ. ನೀವ್ ಮೊಬೈಲ್‌ದಾಗ ಗುಂಡಿ ಹಾಕಿ ಕೊಟ್ ಮ್ಯಾಲ, ಅಲ್ಲೇ ಬಾಂದಿನ ಮ್ಯಾಲ ನಿಂತು ನಿಮ್ಗ ಸುದ್ದಿ ಹೇಳ್ತಿದ್ರು, ಸುದ್ದಿ ಮುಗಿಸಿ ನನಗ ಕೂಗ್ತಿದ್ರು, ಆಮ್ಯಾಲ ಗುಂಡಿ ಒತ್ತತಿದ್ರು. ನಾ ದಿನಾ ಕೇಳೀನಿ ಅಲ್ರಿ. ಅದ್ಕೇ ಆವತ್ತು ಕಡೀ ತನಕ ಅದ ಏನ್ ಅಂತ ಕೇಳ್ದೆ.”

ವಿಶಾಖಾ ಕುರ್ಚಿಯನ್ನು ಕಂಪ್ಯೂಟರಿನ ಕಡೆ ತಿರುಗಿಸಿದಳು. ಕಿವಿಗೆ ಇಯರ್‌ಫೋನು ಹಾಕಿಕೊಂಡು ಕೊನೆಯ ದಿನದ ಮಾತು ತೆರೆದಳು. ‘... ಹಳ್ಳದ ದಂಡಿಗೆ ಮೇವು ಚಲೋ ಅದ, ಹೋಗೋರು ಹೋಗ್ರಿ’ ಎಂಬಲ್ಲಿಗೆ ಮಾತು ಮುಗಿಯಿತು. ಫೈಲೂ ಅಲ್ಲಿಗೇ ಮುಗಿಯಿತು. ಹಿಂದಿನ ದಿನದ್ದು ತೆರೆದಳು, ಅದರ ಹಿಂದಿನದು, ನಡುವಿನ ತಿಂಗಳಿನದು. ಎಲ್ಲವೂ ಕೊನೆಯ ಮಾತಿಗೆ ಸರಿಯಾಗಿ ಮುಗಿದಿದ್ದವು. ಎಷ್ಟು ಚೊಕ್ಕಟ! ಆ ಕೂಗಿನಲ್ಲಿ ಅಕ್ಷರವಿರಲಿಲ್ಲ, ಪದವಿರಲಿಲ್ಲ. ‘ತೊಳಿ’ಗೆ ಅದು ಗಾಳಿ, ಗಂಟೆ, ಟ್ರ್ಯಾಕ್ಟರುಗಳ ಜಾತಿಯದು. ನಾನೂರಾ ಹನ್ನೆರಡು ದಿನ ತಪ್ಪದೆ ಹುಡುಕಿ ಹುಡುಕಿ ಕತ್ತರಿಸಿತ್ತು. ಮೂಲ ಇದ್ದಿದ್ದರೆ ಚಿಂತೆಯಿರಲಿಲ್ಲ. ಮೂಲವನ್ನು ಅಳಿಸು ಎಂದು ಬರೆದವಳು ಅವಳೇ.

“ಸ್ವಲ್ಪ ಹುಡುಕಬೇಕಾಗ್ತದ ಕಾಕು,” ಎಂದಳು. ತನ್ನ ದನಿ ತನಗೇ ಬೇರೆ ಯಾರದೋ ಅನಿಸಿತು. “ರವಿವಾರ ನಾನೇ ಭಾತಂಬ್ರಾಕ್ಕ ಬಂದು ಕೊಡ್ತೇನಿ.”

“ಆಗ್ಲಿ ಬಾಯಿ. ಅವಸರ ಇಲ್ಲ,” ಎಂದು ಗಂಗುಬಾಯಿ ಹೆಸರುಕಾಳಿನ ಗಂಟನ್ನು ಮೇಜಿನ ಮೇಲಿಟ್ಟು ಹೋದರು.

ಅಮೋಲನಿಗೆ ಹೇಳಿದಾಗ ಅವನು ತಲೆ ಹಿಡಿದುಕೊಂಡ. ಇಬ್ಬರೂ ಸೇರಿ ಕಂಪ್ಯೂಟರಿನ ಮೂಲೆ ಮೂಲೆ ಜಾಲಾಡಿದರು. ಅಳಿಸಿದ್ದನ್ನು ಹೊರತೆಗೆಯುವ ಉಪಾಯಗಳಿವೆ, ಆದರೆ ಅಳಿಸಿದ ಜಾಗದ ಮೇಲೆ ದಿನಾ ಹೊಸದು ಬರೆದಾಗಿತ್ತು. ಹೊಸ ಹೇಳುವವರ ಮಾತು ಆಗಲೇ ಬರತೊಡಗಿ ನಾಲ್ಕನೇ ವಾರ. ಆ ನಾಲ್ಕು ವಾರಗಳಲ್ಲಿ ‘ಬೀಸು’ ಒಂದು ದಿನವೂ ತಪ್ಪಿರಲಿಲ್ಲ.

“ನಿನ್ ತಪ್ಪಲ್ಲ ವಿಶಾಖಾ,” ಎಂದ ಅಮೋಲ್. “ನಾನೇ ತೊಳಿ ಅಂತ ಹೇಳಿದ್ದೆ.”

“ಅದ ಅಂತ ಹೇಳಿದ್ದು ನಾ ಅಲ್ಲೇನ್ರಿ, ಸರ್? ನೋಡಲಾರ್ದೆ ಹೇಳಿದ್ದು ನಾ.”

ಆಗ ಅವಳಿಗೆ ಅಬ್ದುಲ ಸಮದರ ನೆನಪಾಯಿತು. ಔರಾದ ಸಂತೆಯಲ್ಲಿ ಕುರಿ ವ್ಯಾಪಾರ ಮಾಡುವ ಮುದುಕರು. ಆ್ಯಪ್ ಹೊಸದು ಮಾಡಿಕೊಳ್ಳಿ ಎಂದು ಕೇಳಿದಾಗಲೆಲ್ಲ ಆಫೀಸಿಗೆ ಫೋನು ಮಾಡಿ ಬೈಯುತ್ತಿದ್ದರು. ಮೊದಲ ದಿನ ಹಾಕಿಕೊಂಡದ್ದನ್ನು ಇವತ್ತಿಗೂ ಬದಲಿಸಿರಲಿಲ್ಲ. ಅವರ ಮೊಬೈಲಿನಲ್ಲಿ ‘ತೊಳಿ’ ಹುಟ್ಟುವುದಕ್ಕೆ ಮುಂಚಿನ ಮಾತುಗಳಿರಬೇಕು, ಪಂಢರಿಯವರು ಕೈಯಿಂದ ಕಟ್ಟಿದ್ದು. ಶುಕ್ರವಾರ ಬೆಳಿಗ್ಗೆಯೇ ಔರಾದ ಬಸ್ಸು ಹಿಡಿದಳು. ಮಾಂಜ್ರಾ ಸೇತುವೆ ದಾಟುವಾಗ, ಚಿಕ್ಕಂದಿನಿಂದಲೂ ಕಿಟಕಿಗೆ ಮುಖವಿಟ್ಟು ನೀರು ನೋಡುತ್ತಿದ್ದವಳು, ಅಂದು ನೋಡಲಿಲ್ಲ. ಒಂದೇ ಒಂದು ಸಿಕ್ಕರೆ ಸಾಕು, ಒಂದು ಸಾಕು ಎಂದು ದಾರಿಯುದ್ದಕ್ಕೂ ಮನಸ್ಸಿನಲ್ಲಿ ಹೇಳಿಕೊಳ್ಳುತ್ತಿದ್ದಳು.

ಅಬ್ದುಲ ಸಮದ ತಗಡಿನ ಶೆಡ್ಡಿನ ಮುಂದೆ ಮಂಚ ಹಾಕಿಕೊಂಡು ಕೂತಿದ್ದರು. ಫೋನಿನಲ್ಲಿ ಬೈಯುವವರು ಎದುರಿಗೆ ಬಂದರೆ ಬೇರೆಯೇ. ಮೊದಲು ಚಹಾ ತರಿಸಿದರು.

“ನಾ ಹಳೇದು ತೆಗಿಯಂಗಿಲ್ಲ ಬೇಟಾ. ಚಲೋ ನಡ್ಯೂದಕ್ಕ ಯಾಕ ಕೈ ಹಚ್ಚಬೇಕು? ತಗೋ, ಎಲ್ಲಾ ಅದರಾಗೇ ಅದ.”

ಅರವತ್ತು ಮಾತಿದ್ದವು. ವಿಶಾಖಾ ಮಂಚದ ಅಂಚಿಗೆ ಕೂತಳು. ಮೊದಲನೆಯದು ಹಚ್ಚಿದಳು. ಧೊಂಡಿಬಾ ಅವರ ದನಿ, ಒಂದಿಷ್ಟೂ ಕೆಡದ, ತುಂಬಿದ ದನಿ, ಹಿಂದೆ ಗಿರಣಿಯ ಸದ್ದು. ಮೇವಿನ ಸುದ್ದಿ ಮುಗಿಯಿತು. ಗಿರಣಿ ಬೀಸುತ್ತಿತ್ತು. ಆಮೇಲೆ ಪಂಢರಿಯವರ ದನಿ, ‘ಸಾಕ್ರಿ, ಇನ್ನೊಂದು ಹೇಳ್ರಿ’. ಎರಡನೆಯದೂ ಹಾಗೆಯೇ, ಇಪ್ಪತ್ತನೆಯದೂ ಹಾಗೆಯೇ. ಗಿರಣಿ, ‘ಸಾಕ್ರಿ’. ಗಿರಣಿ, ‘ಸಾಕ್ರಿ’. ಅರವತ್ತನೆಯದು ಮುಗಿಯುವ ಹೊತ್ತಿಗೆ ಬಿಸಿಲು ಮಂಚದ ಮೇಲೆ ಬಂದಿತ್ತು. ವಿಶಾಖಾ ನಡೆದದ್ದನ್ನೆಲ್ಲ ಹೇಳಿದಳು. ಮುದುಕರು ಗಡ್ಡ ನೀವಿಕೊಳ್ಳುತ್ತ ಕೇಳಿದರು.

“ಚಾಚಾ, ಒಂದರಾಗೂ ಇಲ್ರಿ ಆ ಕೂಗು.”

“ಹ್ಯಾಂಗ ಇರ್ತದ ಬೇಟಾ? ಆಫೀಸಿನಾಗ ಕೂತು ಅಂವ ಯಾರಿಗಿ ಕೂಗಬೇಕು? ಅಕಿ ಅಲ್ಲಿ ಇದ್ದಿಲ್ಲ.”

ಇಷ್ಟು ಸರಳವಾದದ್ದು ಅವಳಿಗೆ ಹೊಳೆದಿರಲಿಲ್ಲ. ಬಾಂದಿನ ಮೇಲೆ ನಿಂತು ಹೇಳಲು ಶುರು ಮಾಡಿದ ಮೇಲಷ್ಟೇ ಆ ಕೂಗು ಮೊಬೈಲಿಗೆ ಬಿದ್ದದ್ದು. ಬೀಳುವಂತೆ ಮಾಡಿದವಳೂ ತಾನೇ, ಬಿದ್ದ ದಿನದಿಂದ ತೊಳೆದುಹಾಕಿದವಳೂ ತಾನೇ. ಬಸ್‌ಸ್ಟಾಂಡಿನಲ್ಲಿ ಬೀದರ ಬಸ್ಸು ಬಂದು ನಿಂತು ಹೋಯಿತು. ಅವಳು ಕಲ್ಲುಬೆಂಚಿನ ಮೇಲೆ ಕೂತು ಅತ್ತಳು, ಬಾಳೆಹಣ್ಣು ಮಾರುವ ಹೆಂಗಸು ಬಂದು ನೀರು ಕೊಡುವವರೆಗೂ ಅತ್ತಳು.

ರವಿವಾರ ಭಾಲ್ಕಿಗೆ ಹೋಗಿ, ಅಲ್ಲಿಂದ ಟಂಟಂ ಆಟೋ ಹತ್ತಿ ಭಾತಂಬ್ರಾ ಮುಟ್ಟಿದಾಗ ಇಳಿಹೊತ್ತಾಗಿತ್ತು. ಹೊರಡುವ ಮೊದಲು ಅಮೋಲ್ ಒಂದು ಮಾತು ಹೇಳಿದ್ದ: ಈಗ ಕಂಪ್ಯೂಟರಿನಿಂದಲೇ ಯಾರ ದನಿ ಬೇಕಾದರೂ ಮಾಡಬಹುದು, ಧೊಂಡಿಬಾ ಅವರ ನಾನೂರು ದಿನದ ಮಾತು ಕೊಟ್ಟರೆ ಒಂದು ಕೂಗು ಮಾಡಿಕೊಡುವುದೇನು ದೊಡ್ಡದಲ್ಲ, ಅವರಿಗೆ ಗೊತ್ತಾಗುವುದಿಲ್ಲ. ವಿಶಾಖಾ ಅವನ ಮುಖ ನೋಡಿದ್ದಳು. ಗೊತ್ತಾಗದೆ ಇರುತ್ತದೆಯೇ! ಮೂವತ್ತೆರಡು ವರ್ಷ ಆ ಕೂಗಿಗೆ ಒಲೆಯ ಮೇಲೆ ಹಂಚಿಟ್ಟವರಿಗೆ? ಇನ್ನೊಂದು ಸುಳ್ಳು ಹೇಳುವ ತಾಕತ್ತು ಅವಳಲ್ಲಿ ಉಳಿದಿರಲಿಲ್ಲ.

ಗಂಗುಬಾಯಿ ಒಲೆಯ ಮುಂದೆ ಕೂತು ಜೋಳದ ಹಿಟ್ಟು ನಾದುತ್ತಿದ್ದರು. ಮಣೆ ಕೊಟ್ಟರು, ನೀರು ಕೊಟ್ಟರು, ಬೆಲ್ಲ ಕೊಟ್ಟರು. ವಿಶಾಖಾ ಬೆಲ್ಲವನ್ನು ಕೈಯಲ್ಲೇ ಹಿಡಿದುಕೊಂಡು, ಒಂದನ್ನೂ ಮುಚ್ಚಿಡದೆ ಹೇಳಿದಳು. ಸ್ಕ್ರಿಪ್ಟ್ ಎಂದರೇನು ಎಂದು ಹೇಳಿದಳು, ಯಾವ ಸಾಲು ಬರೆದೆ, ಯಾಕೆ ಬರೆದೆ ಎಂದು ಹೇಳಿದಳು, ಔರಾದಕ್ಕೆ ಹೋಗಿಬಂದದ್ದನ್ನು ಹೇಳಿದಳು. ಗಂಗುಬಾಯಿಯ ಕೈ ಹಿಟ್ಟಿನಲ್ಲೇ ನಿಂತಿತು.

“ಒಂದೂ ಇಲ್ಲೇನ್ರಿ?”

“ಒಂದೂ ಇಲ್ರಿ ಕಾಕು.”

“ನಾನೂರ್ ದಿನದಾಗ?”

ವಿಶಾಖಾ ತಲೆ ತಗ್ಗಿಸಿದಳು. ಬೈಯಲಿ, ನಾಲ್ಕು ಬಾರಿಸಲಿ, ಹೊರಗೆ ಹಾಕಲಿ ಎಂದು ಕಾದಳು. ಗಂಗುಬಾಯಿ ಬೈಯಲಿಲ್ಲ. ಅಂಗಳದ ಕಡೆ ನೋಡುತ್ತ, ತಮಗೆ ತಾವೇ ಹೇಳಿಕೊಳ್ಳುವಂತೆ ಅಂದರು:

“ಆವತ್ತು ನೀವು ಇಲ್ಲ ಅಂದಿದ್ರ, ಬೀದರ ಬಸ್‌ಸ್ಟಾಂಡಿನಾಗೇ ಒಂದ್ ಸಲ ಕೂಗ್ರಿ ಅಂತಿದ್ದೆ. ಅಷ್ಟ್ ಮಂದ್ಯಾಗ ನಾಚಿಕಿ ಬಿಟ್ಟು ಅಂತಿದ್ದೆ. ಅವ್ರೂ ಕೂಗ್ತಿದ್ರು. ಅದ ಅಂದ್ರಲ್ಲ, ಅದ್ಕ ಸುಮ್ನಾದೆ.”

ವಿಶಾಖಾ ಕೈಯಲ್ಲಿದ್ದ ಬೆಲ್ಲವನ್ನು ನೀರಿನ ಲೋಟದ ಪಕ್ಕಕ್ಕಿಟ್ಟಳು.

ಗಂಗುಬಾಯಿ ಅವಳ ಮೊಬೈಲಿನ ಕಡೆ ಕೈ ತೋರಿಸಿದರು: “ಇದ್ದದ್ದು ಹಚ್ರಿ ಬಾಯಿ. ಮಾತರೆ ಕೇಳ್ತೇನಿ.”

ವಿಶಾಖಾ ಮೊಬೈಲಿನಲ್ಲಿ ಕೊನೆಯ ದಿನದ ಮಾತು ಹಚ್ಚಿದಳು. ಮನೆಯೊಳಗೆ ಧೊಂಡಿಬಾ ಅವರ ದನಿ ತುಂಬಿತು. ಯಾವ ಹಳ್ಳ, ಎಷ್ಟು ನೀರು, ಯಾರ ಹೊಲ. ಗಂಗುಬಾಯಿ ಕಣ್ಣು ಮುಚ್ಚಿ ಕೇಳಿದರು. ‘ಹೋಗೋರು ಹೋಗ್ರಿ’ ಎಂದು ಮಾತು ನಿಂತಿತು. ಅವರು ಕಣ್ಣು ತೆರೆಯಲಿಲ್ಲ. ಕತ್ತು ಸ್ವಲ್ಪ ಓರೆ ಮಾಡಿ, ಇನ್ನೂ ಕೇಳುತ್ತಲೇ ಇದ್ದರು. ಕೊನೆಗೆ ಅವರೇ ಕಣ್ಣು ಬಿಟ್ಟು, “ಚಲೋ ಹೇಳ್ಯಾರ. ಮಂದಿಗಿ ಉಪಯೋಗ ಆಗಿರ್ತದ,” ಎಂದು ಮತ್ತೆ ಹಿಟ್ಟು ನಾದತೊಡಗಿದರು.

ಹೊರಗೆ ಗಂಟೆಯ ಸದ್ದು ಕೇಳಿಸಿತು. ಊರಿನ ಹಿಂಡುಗಳೆಲ್ಲ ಮರಳುವ ಹೊತ್ತು, ಯಾರ ಕುರಿಯ ಗಂಟೆಯೋ ಹೇಳಲಾಗದು. ಗಂಗುಬಾಯಿ ತಿರುಗಿ ನೋಡಲಿಲ್ಲ. ಬಾಗಿಲ ಕಡೆ ಮುಖ ಮಾಡಿ ಕೂತಿದ್ದ ವಿಶಾಖಾಳಿಗೆ ಬಾಂದು ಕಾಣುತ್ತಿತ್ತು. ಧೊಂಡಿಬಾ ಅಲ್ಲಿ ನಿಂತಿದ್ದರು. ಕುರಿಗಳು ಅವರನ್ನು ದಾಟಿ ದೊಡ್ಡಿಯ ಕಡೆ ಹರಿದವು. ಅವರು ನಿಂತೇ ಇದ್ದರು, ಮನೆಯ ಕಡೆ ಮುಖ ಮಾಡಿ. ಎದೆ ಒಮ್ಮೆ ಎದ್ದಿತು, ಬಾಯಿ ತೆರೆಯಿತು. ಗಂಟಲಿಗೆ ಸುತ್ತಿದ ಬಿಳಿ ಬಟ್ಟೆಯ ಮೇಲೆ ಕೈಯಿಟ್ಟುಕೊಂಡರು. ಆಮೇಲೆ ಇಳಿದು ಬಂದು, ಚಪ್ಪಲಿ ಬಿಟ್ಟು, ಹೊಸ್ತಿಲಲ್ಲಿ ಹೆಂಡತಿಯ ಬೆನ್ನ ಹಿಂದೆ ನಿಂತುಕೊಂಡರು. ವಿಶಾಖಾಳನ್ನು ಕಂಡು ತಲೆಯಾಡಿಸಿದರು. ಗಂಗುಬಾಯಿ ಹಿಟ್ಟು ನಾದುತ್ತಲೇ ಇದ್ದರು. ಒಲೆಯ ಮೇಲೆ ಹಂಚು ಇರಲಿಲ್ಲ.

ವಿಶಾಖಾಳಿಗೆ ತಡೆಯಲಾಗಲಿಲ್ಲ. “ಕಾಕು, ಕಾಕಾ ಬಂದಾರ್ರಿ,” ಎಂದಳು.

ಗಂಗುಬಾಯಿ ಗಕ್ಕನೆ ತಿರುಗಿದರು. “ಅಯ್ಯ, ಬಂದ್ರೇನ್ರಿ!” ಎಂದು ಅವಸರದಿಂದ ಹಂಚು ಎತ್ತಿ ಒಲೆಯ ಮೇಲಿಟ್ಟರು, ಸೌದೆ ಒಳಗೆ ನೂಕಿದರು. ಧೊಂಡಿಬಾ ಕೈಕಾಲು ತೊಳೆಯಲು ಹಿತ್ತಲಿಗೆ ಹೋದರು. ಅವರು ಮರೆಯಾದ ಮೇಲೆ ಗಂಗುಬಾಯಿ ಸೆರಗಿನಿಂದ ಮುಖ ಒರೆಸಿಕೊಂಡು, ಹೊಗೆಗೆ ಎನ್ನುವಂತೆ, ವಿಶಾಖಾಳ ಕಡೆ ನೋಡದೆ ಹೇಳಿದರು:

“ದಿನಾ ಹಿಂಗೇ ಆಗ್ತದ ಬಾಯಿ. ಬಂದದ್ದು ತಿಳೀಲಿ, ಕೋಲರೆ ನೆಲಕ್ಕ ಬಡೀರಿ ಅಂತ ಹೇಳೀನಿ, ಬಡಿಯಂಗಿಲ್ಲ. ಅದು ದನಕ್ಕ ಅಂತ ಕೈ ಸನ್ನಿ ಮಾಡ್ತಾರ. ಬಂದು ಸುಮ್ನ ಹಿಂದ ನಿಂದರ್ತಾರ. ನಾ ಹೊಳ್ಳಿ ನೋಡೂ ತನಕ ನಿಂತೇ ಇರ್ತಾರ.”